ತಾಯಂದಿರು ಉಳಿಸಿದ ಭಾಷೆ: ಪರಾಗ್ವೆಯ ಜನ ಯಾರು?

2025ರ ಸೆಪ್ಟೆಂಬರ್‌ನಲ್ಲಿ ಪರಾಗ್ವೆ 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. 2010ರ ನಂತರ ಅದಕ್ಕೆ ಸಿಕ್ಕ ಮೊದಲ ಅವಕಾಶ ಅದು. ಅದೇ ವರ್ಷ ಜೂನ್‌ನಲ್ಲಿ ಆ ದೇಶದ ಅಧ್ಯಕ್ಷ ಸಾಂಟಿಯಾಗೊ ಪೆನ್ಯಾ ದೆಹಲಿ, ಮುಂಬೈಗೆ ಬಂದು ಹೋಗಿದ್ದರು. ಹೀಗೆ ಹೆಸರು ಕಿವಿಗೆ ಬಿತ್ತು. ಆದರೆ ಅಲ್ಲಿನ ಜನ ಯಾರು, ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ಕೇಳಿದರೆ ನಮ್ಮಲ್ಲಿ ಬಹಳಷ್ಟು ಜನ "ಸ್ಪ್ಯಾನಿಷ್ ಇರಬೇಕು" ಎಂದುಬಿಡುತ್ತೇವೆ.

ಅದು ಅರ್ಧ ಉತ್ತರ. ಉಳಿದರ್ಧದ ಹೆಸರು ಗ್ವಾರಾನಿ. ಸ್ಪ್ಯಾನಿಷರು ಬರುವ ಮೊದಲೇ ಆ ನೆಲದಲ್ಲಿದ್ದ ಭಾಷೆ ಅದು. ಇವತ್ತಿಗೂ ಅಡುಗೆಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ, ಫುಟ್‌ಬಾಲ್ ಮೈದಾನದಲ್ಲಿ ಅದು ಕೇಳುತ್ತದೆ. ಅದು ಹೇಗೆ ಉಳಿಯಿತು ಎಂದು ತಿಳಿದರೆ ಪರಾಗ್ವೆಯ ಜನರ ಕಥೆಯೂ ತಿಳಿಯುತ್ತದೆ.

ಮೊದಲು ಊರು, ಲೆಕ್ಕ, ಹೆಸರು

ಪರಾಗ್ವೆ ದಕ್ಷಿಣ ಅಮೆರಿಕದ ನಡುವೆ ಇದೆ. ಸುತ್ತ ಅರ್ಜೆಂಟೀನಾ, ಬ್ರೆಜಿಲ್, ಬೊಲಿವಿಯಾ. ಸಮುದ್ರ ತೀರ ಇಲ್ಲ, ನದಿಗಳೇ ಹೆದ್ದಾರಿ. ವಿಸ್ತೀರ್ಣ 4,06,752 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಎರಡು ಪಟ್ಟಿಗಿಂತ ಜಾಸ್ತಿ. ಜನಸಂಖ್ಯೆ ಮಾತ್ರ 2022ರ ಗಣತಿಯಲ್ಲಿ ಸುಮಾರು 61 ಲಕ್ಷ. 2011ರಲ್ಲಿ ಕರ್ನಾಟಕದಲ್ಲಿದ್ದವರ ಹತ್ತನೇ ಒಂದು ಭಾಗ.

ಪರಾಗ್ವೆ ನದಿ ದೇಶವನ್ನು ಎರಡು ಹೋಳು ಮಾಡುತ್ತದೆ. ಪೂರ್ವಕ್ಕೆ ಹಸಿರು ನೆಲ, ಊರುಗಳು, ರಾಜಧಾನಿ ಅಸುನ್ಸಿಯೋನ್. ಪಶ್ಚಿಮಕ್ಕೆ ಚಾಕೊ ಎಂಬ ಬಿಸಿಲಿನ ಕುರುಚಲು ಕಾಡು. ಚಾಕೊ ದೇಶದ ಅರ್ಧಕ್ಕಿಂತ ದೊಡ್ಡದು, ಆದರೆ ಅಲ್ಲಿ ಇರುವವರು ನೂರಕ್ಕೆ ಮೂರ್ನಾಲ್ಕು ಜನ ಅಷ್ಟೇ.

ಗ್ವಾರಾನಿ ಎಂಬ ಹೆಸರಿಗೆ ಮೂರು ಅರ್ಥ. ಅದು ಒಂದು ಮೂಲನಿವಾಸಿ ಜನಾಂಗ. ಅವರ ಭಾಷೆಯ ಹೆಸರೂ ಅದೇ. 1943ರಿಂದ ದೇಶದ ಹಣದ ಹೆಸರೂ ಅದೇ, ನಮಗೆ ರೂಪಾಯಿ ಇದ್ದಹಾಗೆ. ಈ ಲೇಖನದಲ್ಲಿ ಸುಮ್ಮನೆ ಗ್ವಾರಾನಿ ಎಂದರೆ ಭಾಷೆ ಎಂದು ತಿಳಿಯಿರಿ.

ಇದರಲ್ಲಿ ಅಷ್ಟೇನು ವಿಶೇಷ?

ಪೆರು, ಬೊಲಿವಿಯಾ, ಮೆಕ್ಸಿಕೊಗಳಲ್ಲೂ ಹಳೆಯ ಭಾಷೆಗಳು ಜೀವಂತ ಇವೆ. ಆದರೆ ಅಲ್ಲೆಲ್ಲ ಅವನ್ನು ಹೆಚ್ಚಾಗಿ ಮಾತಾಡುವವರು ಮೂಲನಿವಾಸಿಗಳೇ. ಪರಾಗ್ವೆಯಲ್ಲಿ ಲೆಕ್ಕ ತಲೆಕೆಳಗು. ಅಲ್ಲಿ ತಮ್ಮನ್ನು ಮೂಲನಿವಾಸಿ ಎಂದು ಗುರುತಿಸಿಕೊಳ್ಳುವವರು ನೂರಕ್ಕೆ ಎರಡು ಚಿಲ್ಲರೆ. ಗ್ವಾರಾನಿ ಬಲ್ಲವರು ದೇಶದ ಬಹುಪಾಲು ಜನ. ಹೆಸರು ಸ್ಪ್ಯಾನಿಷ್, ಧರ್ಮ ಕ್ಯಾಥೊಲಿಕ್, ಬೈಯುವುದು, ಮುದ್ದು ಮಾಡುವುದು, ಅಳುವುದು ಗ್ವಾರಾನಿಯಲ್ಲಿ.

ಆಳಲು ಬಂದವರ ಮಕ್ಕಳು ಆಳಿಸಿಕೊಂಡವರ ಭಾಷೆ ಮಾತಾಡುವುದು ಅಪರೂಪ, ಅಲ್ವಾ? ಅದಕ್ಕೆ ಕಾರಣ ಹುಡುಕಲು 1537ಕ್ಕೆ ಹೋಗಬೇಕು.

ಹೆಣ್ಣು ಕೊಟ್ಟ ಮನೆಯ ನಂಟು

ಸ್ಪ್ಯಾನಿಷರು ಆ ಕಡೆಗೆ ಬಂದದ್ದು ಬೆಳ್ಳಿಯ ಆಸೆಗೆ. 1537ರ ಆಗಸ್ಟ್ 15ರಂದು ಪರಾಗ್ವೆ ನದಿಯ ದಡದಲ್ಲಿ ಅಸುನ್ಸಿಯೋನ್ ಕೋಟೆ ಕಟ್ಟಿದರು. ಬೆಳ್ಳಿ ಸಿಗಲಿಲ್ಲ. ಸ್ಪೇನ್‌ನಿಂದ ಹೆಂಗಸರೂ ಹೆಚ್ಚು ಬರಲಿಲ್ಲ. ಬಂದ ಗಂಡಸರ ಸಂಖ್ಯೆಯೂ ಕಮ್ಮಿ. ಸುತ್ತ ಇದ್ದದ್ದು ಮುಸುಕಿನ ಜೋಳ, ಮರಗೆಣಸು ಬೆಳೆಯುತ್ತಿದ್ದ ಗ್ವಾರಾನಿ ಊರುಗಳು.

ಗ್ವಾರಾನಿ ಜನರಿಗೆ ಹೊಸಬರ ಜೊತೆ ಸ್ನೇಹ ಅಂದರೆ ನೆಂಟಸ್ತನ. ಹೆಣ್ಣು ಕೊಟ್ಟರೆ ಇಬ್ಬರೂ ಭಾವಮೈದುನರು. ಅವರ ಭಾಷೆಯಲ್ಲಿ ಅದಕ್ಕೆ ತೋವಜಾ ಎಂಬ ಮಾತಿದೆ. ಭಾವಮೈದುನರಾದ ಮೇಲೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೈಜೋಡಿಸಬೇಕು, ಶತ್ರು ಬಂದರೆ ಜೊತೆಗೆ ನಿಲ್ಲಬೇಕು. ಚಾಕೊದ ಕಡೆಯಿಂದ ದಾಳಿ ಮಾಡುತ್ತಿದ್ದವರ ವಿರುದ್ಧ ಬಂದೂಕು ಇದ್ದ ಭಾವ ಸಿಕ್ಕರೆ ಒಳ್ಳೆಯದೇ ಎಂದು ಅವರು ಲೆಕ್ಕ ಹಾಕಿದ್ದರು.

ಸ್ಪ್ಯಾನಿಷರು ನೆಂಟಸ್ತನದ ಒಂದೇ ಬದಿಯನ್ನು ಹಿಡಿದುಕೊಂಡರು. ಹೆಂಡತಿಯ ಕಡೆಯವರಿಂದ ದುಡಿಸಿಕೊಂಡರು, ತಿರುಗಿ ಏನೂ ಕೊಡಲಿಲ್ಲ. ಆಮೇಲೆ ಊರುಗಳಿಗೆ ನುಗ್ಗಿ ಹೆಂಗಸರನ್ನು ಎಳೆದು ತರುವುದೂ ಶುರುವಾಯಿತು. ಗ್ವಾರಾನಿಗಳು ಹಲವು ಸಲ ದಂಗೆ ಎದ್ದರು. ಇದನ್ನು ಎರಡು ಜನಾಂಗಗಳ ಪ್ರೇಮಕಥೆ ಎಂದು ಹೇಳುವುದುಂಟು. ನನಗೆ ಅದು ಸರಿ ಅನ್ನಿಸುವುದಿಲ್ಲ. ಆ ಹೆಂಗಸರಲ್ಲಿ ಎಷ್ಟೋ ಜನರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

ಆದರೂ ಮಕ್ಕಳು ಹುಟ್ಟಿದರು, ಬಹಳ ಮಕ್ಕಳು. ಗವರ್ನರ್ ಆಗಿದ್ದ ದೊಮಿಂಗೊ ಮಾರ್ತಿನೆಸ್ ದೆ ಇರಾಲಾ 1556ರಲ್ಲಿ ಬರೆಸಿದ ಉಯಿಲಿನಲ್ಲಿ, ಬೇರೆ ಬೇರೆ ಗ್ವಾರಾನಿ ಹೆಂಗಸರಲ್ಲಿ ಹುಟ್ಟಿದ ಮಕ್ಕಳನ್ನು ತನ್ನವರೆಂದು ಒಪ್ಪಿಕೊಂಡ. ಹೀಗೆ ಎರಡೂ ಕಡೆಯ ರಕ್ತ ಇರುವವರನ್ನು ಮೆಸ್ತಿಸೊ ಎನ್ನುತ್ತಾರೆ. ಕೆಲವೇ ತಲೆಮಾರುಗಳಲ್ಲಿ ಅಸುನ್ಸಿಯೋನ್ ಮೆಸ್ತಿಸೊ ಊರಾಯಿತು.

ಈಗ ಆ ಮನೆಯೊಳಗೆ ಹೋಗಿ ನೋಡಿ. ಅಪ್ಪ ಸ್ಪ್ಯಾನಿಷ್. ಅವನು ದಂಡಯಾತ್ರೆಗೋ ವ್ಯಾಪಾರಕ್ಕೋ ಹೋಗಿ ತಿಂಗಳುಗಟ್ಟಲೆ ಮನೆಯಲ್ಲಿಲ್ಲ. ಮಗುವಿಗೆ ಹಾಲು ಕೊಡುವವಳು, ಜೋಗುಳ ಹಾಡುವವಳು ಅಮ್ಮ. ಆಡಿಸುವವರು ಅಜ್ಜಿ, ಚಿಕ್ಕಮ್ಮ. ಎಲ್ಲರೂ ಗ್ವಾರಾನಿ ಜನ. ಮಗುವಿಗೆ ಅಪ್ಪನಿಂದ ಹೆಸರು ಬಂತು, ಅಮ್ಮನಿಂದ ಮಾತು ಬಂತು. ಆ ಮಗು ದೊಡ್ಡದಾಗಿ ಊರಿನ ಯಜಮಾನ ಆದರೂ ಮನೆಮಾತು ಬದಲಾಗಲಿಲ್ಲ.

ಪಾದ್ರಿಗಳು ಕಟ್ಟಿದ ಊರುಗಳು

ಇನ್ನೊಂದು ಕಡೆ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿಗಳಿದ್ದರು. 1609ರಲ್ಲಿ ಸಾನ್ ಇಗ್ನಾಸಿಯೊ ಗ್ವಾಸು ಎಂಬ ಊರಿನಿಂದ ಶುರುಮಾಡಿ, ಗ್ವಾರಾನಿಗಳನ್ನು ಒಂದೆಡೆ ಸೇರಿಸಿ ಊರುಗಳನ್ನು ಕಟ್ಟಿದರು. ಕಾಲಕ್ರಮೇಣ ಇಂಥ 30 ಊರುಗಳಾದವು. ಅವು ಇವತ್ತಿನ ಪರಾಗ್ವೆ, ಅರ್ಜೆಂಟೀನಾ, ಬ್ರೆಜಿಲ್ ಮೂರರಲ್ಲೂ ಹರಡಿವೆ. 1730ರ ದಶಕದ ಆರಂಭದಲ್ಲಿ ಅಲ್ಲಿ ಸುಮಾರು 1 ಲಕ್ಷ 40 ಸಾವಿರ ಜನರಿದ್ದರು.

ಊರೊಂದಕ್ಕೆ ಪಾದ್ರಿಗಳು ಸಾಮಾನ್ಯವಾಗಿ ಇಬ್ಬರೇ. ಸಾವಿರಾರು ಜನಕ್ಕೆ ಸ್ಪ್ಯಾನಿಷ್ ಕಲಿಸುವುದಕ್ಕಿಂತ ತಾವೇ ಗ್ವಾರಾನಿ ಕಲಿಯುವುದು ಅವರಿಗೆ ಸುಲಭವಾಯಿತು. ಆಂತೋನಿಯೊ ರುಯಿಸ್ ದೆ ಮೊಂತೋಯಾ ಎಂಬ ಪಾದ್ರಿಯ ದೊಡ್ಡ ಗ್ವಾರಾನಿ ನಿಘಂಟು 1639ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾಯಿತು. ಮುಂದೆ ಆ ಊರುಗಳಲ್ಲೇ ಅಚ್ಚಿನಮನೆ ಬಂತು. ಬಸೆಲ್ ಮಿಷನ್ ಪಾದ್ರಿ ಕಿಟ್ಟೆಲ್ ಧಾರವಾಡ, ಮಂಗಳೂರಿನ ಕಡೆ ಇದ್ದು ಕನ್ನಡ ನಿಘಂಟು ಮಾಡಿದ್ದು ನಿಮಗೆ ಗೊತ್ತಲ್ಲ. ಅದಕ್ಕೆ ಎರಡೂವರೆ ಶತಮಾನ ಮೊದಲೇ ಅಲ್ಲಿ ಅಂಥದೇ ಕೆಲಸ ನಡೆದಿತ್ತು.

ಗುಲಾಮರನ್ನು ಹಿಡಿಯಲು ಬ್ರೆಜಿಲ್ ಕಡೆಯಿಂದ ಬರುತ್ತಿದ್ದ ದಂಡುಗಳಿಂದ ಈ ಊರುಗಳು ಜನರಿಗೆ ರಕ್ಷಣೆ ಕೊಟ್ಟವು. 1641ರಲ್ಲಿ ಎಂಬೊರೊರೆ ಎಂಬಲ್ಲಿ ಗ್ವಾರಾನಿ ಪಡೆಯೇ ಆ ದಂಡನ್ನು ಸೋಲಿಸಿತು. ಜೊತೆಗೆ ಇಲ್ಲಿ ಕಟ್ಟುಪಾಡೂ ಜಾಸ್ತಿ ಇತ್ತು. ಗಂಟೆ ಹೊಡೆದಾಗ ಏಳಬೇಕು, ಗಂಟೆ ಹೊಡೆದಾಗ ಹೊಲಕ್ಕೆ ಹೋಗಬೇಕು. ಒಂದೆಡೆ ಗುಂಪಾಗಿ ಇದ್ದದ್ದರಿಂದ ಸಿಡುಬು ಬಂದರೆ ಸಾವಿರಾರು ಜನ ಸಾಯುತ್ತಿದ್ದರು. 1767ರಲ್ಲಿ ಸ್ಪೇನ್ ರಾಜ ಜೆಸ್ಯೂಟರನ್ನು ಹೊರಗೆ ಹಾಕಿದ. ಜನ ಚದುರಿದರು. ತ್ರಿನಿದಾದ್ ಮತ್ತು ಹೆಸುಸ್ ಎಂಬ ಎರಡು ಊರುಗಳ ಕೆಂಪು ಕಲ್ಲಿನ ಗೋಡೆಗಳು ಉಳಿದಿವೆ. 1993ರಿಂದ ಅವು ಯುನೆಸ್ಕೊ ಪಟ್ಟಿಯಲ್ಲಿವೆ.

ಗಂಡಸರೇ ಇಲ್ಲದ ದೇಶ

1811ರಲ್ಲಿ ಪರಾಗ್ವೆ ಸ್ವತಂತ್ರವಾಯಿತು. 1814ರಿಂದ 1840ರವರೆಗೆ ಆಳಿದ ಹೋಸೆ ಗಾಸ್ಪರ್ ರೊದ್ರೀಗೆಸ್ ದೆ ಫ್ರಾನ್ಸಿಯಾ ದೇಶದ ಬಾಗಿಲುಗಳನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟ. ಯುರೋಪಿನ ಗಂಡಸರು ಬಿಳಿಯ ಹೆಂಗಸರನ್ನು ಮದುವೆ ಆಗಬಾರದು ಎಂದು 1814ರಲ್ಲೇ ಕಾನೂನು ಮಾಡಿದ. ಮೂಲನಿವಾಸಿ, ಮೆಸ್ತಿಸೊ ಅಥವಾ ಕಪ್ಪು ಹೆಂಗಸರನ್ನು ಆಗಬಹುದಿತ್ತು. ಹಳೆಯ ಸ್ಪ್ಯಾನಿಷ್ ಮನೆತನಗಳ ಬಿಗಿ ಮುರಿಯುವುದು ಅವನ ಉದ್ದೇಶ. ಫಲವಾಗಿ ಜನ ಇನ್ನಷ್ಟು ಬೆರೆತರು, ಗ್ವಾರಾನಿ ಇನ್ನಷ್ಟು ಮನೆಗಳೊಳಗೆ ಹೋಯಿತು.

ಆಮೇಲೆ ಬಂದದ್ದು ಆ ದೇಶ ಇವತ್ತಿಗೂ ಮರೆಯದ ಪೆಟ್ಟು. 1864ರಿಂದ 1870ರವರೆಗೆ ನಡೆದ ಯುದ್ಧದಲ್ಲಿ ಪರಾಗ್ವೆ ಒಂದು ಕಡೆ. ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಇನ್ನೊಂದು ಕಡೆ. ಎಷ್ಟು ಜನ ಸತ್ತರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದ ಇದೆ. ಅರ್ಧಕ್ಕಿಂತ ಹೆಚ್ಚು ಜನ ಎಂಬುದು ಹಲವರ ಅಂದಾಜು. ಗುಂಡಿಗಿಂತ ಹಸಿವು, ಕಾಲರಾ ಜಾಸ್ತಿ ಜನರನ್ನು ತಿಂದವು. ವಯಸ್ಕ ಗಂಡಸರಂತೂ ಬಹುಪಾಲು ಇಲ್ಲವಾದರು.

1869ರ ಆಗಸ್ಟ್ 16ರಂದು ಅಕೋಸ್ತಾ ಞು ಎಂಬ ಬಯಲಿನಲ್ಲಿ ಹೋರಾಡಿದ ಪರಾಗ್ವೆ ಪಡೆಯಲ್ಲಿ ಹೆಚ್ಚಿನವರು ಮಕ್ಕಳು. ದೊಡ್ಡವರಂತೆ ಕಾಣಲಿ ಎಂದು ಅವರಿಗೆ ಸುಳ್ಳು ಗಡ್ಡ ಕಟ್ಟಿದ್ದರಂತೆ. ಪರಾಗ್ವೆಯಲ್ಲಿ ಮಕ್ಕಳ ದಿನ ಆಚರಿಸುವುದು ಅದೇ ಆಗಸ್ಟ್ 16ಕ್ಕೆ. ಮಹಿಳಾ ದಿನವೂ ಆ ಯುದ್ಧದ್ದೇ. 1867ರ ಫೆಬ್ರವರಿ 24ರಂದು ಅಸುನ್ಸಿಯೋನ್‌ನ ಹೆಂಗಸರು ಸಭೆ ಸೇರಿ ತಮ್ಮ ಒಡವೆಗಳನ್ನು ಯುದ್ಧಕ್ಕೆ ಕೊಡಲು ಮುಂದಾದ ದಿನ ಅದು.

ಯುದ್ಧ ಮುಗಿದಾಗ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಉತ್ತವರು, ಬಿತ್ತಿದವರು, ಸಂತೆಗೆ ಹೊತ್ತವರು, ಮನೆ ಕಟ್ಟಿದವರು ಹೆಂಗಸರೇ. ಮೂರು ಶತಮಾನ ಮೊದಲು ಆಗಿದ್ದೇ ಮತ್ತೆ ಆಯಿತು. ಒಂದಿಡೀ ತಲೆಮಾರು ಅಮ್ಮನ ಕೈಯಲ್ಲಿ, ಅಮ್ಮನ ಮಾತಿನಲ್ಲಿ ಬೆಳೆಯಿತು.

ಶಾಲೆಯಲ್ಲಿ ಏಟು, ರಣರಂಗದಲ್ಲಿ ಗೌರವ

ಸೋತ ದೇಶದ ಹೊಸ ಆಳುವವರಿಗೆ ಗ್ವಾರಾನಿ ಹಿಂದುಳಿದಿರುವಿಕೆಯ ಗುರುತಾಗಿ ಕಂಡಿತು. ಶಾಲೆಯಲ್ಲಿ ಅದನ್ನು ಆಡಿದ ಮಕ್ಕಳಿಗೆ ಶಿಕ್ಷೆ. ಗ್ವಾರಾನಿ ಮಾತಾಡುವವನು ಎಂದರೆ ಒರಟ, ಹಳ್ಳಿಗಮಾರ ಎಂಬ ಅರ್ಥ ಬಂತು. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಯಲ್ಲಿ ಓದಿದವರಿಗೆ ಆ ಮಕ್ಕಳ ಸಂಕಟ ಬಿಡಿಸಿ ಹೇಳಬೇಕಿಲ್ಲ. ಪರಾಗ್ವೆಯ ಎಷ್ಟೋ ಅಪ್ಪ ಅಮ್ಮಂದಿರು, ತಮ್ಮ ಮಕ್ಕಳಿಗೆ ಏಟು ಬೀಳದಿರಲಿ ಎಂದೇ ಮನೆಯಲ್ಲಿ ಸ್ಪ್ಯಾನಿಷ್ ಶುರುಮಾಡಿದರು.

1932ರಲ್ಲಿ ಚಾಕೊಗಾಗಿ ಬೊಲಿವಿಯಾ ಜೊತೆ ಯುದ್ಧ ಬಂತು. ಶತ್ರುವಿಗೂ ಸ್ಪ್ಯಾನಿಷ್ ಬರುತ್ತಿತ್ತು. ಹಾಗಾಗಿ ಪರಾಗ್ವೆ ಸೈನಿಕರು ಸಂದೇಶಗಳನ್ನು ಗ್ವಾರಾನಿಯಲ್ಲಿ ಕಳಿಸಿದರು. ಬೈಸಿಕೊಂಡ ಭಾಷೆ ದೇಶದ ಗುಟ್ಟು ಕಾಯಿತು. 1935ರಲ್ಲಿ ಕದನ ನಿಂತಾಗ ಚಾಕೊದ ಬಹುಭಾಗ ಪರಾಗ್ವೆಯ ಕೈಯಲ್ಲಿತ್ತು.

ಕಾಗದದ ಮೇಲಿನ ಗೌರವ ನಿಧಾನ ಬಂತು. 1967ರ ಸಂವಿಧಾನ ಗ್ವಾರಾನಿಯನ್ನು ರಾಷ್ಟ್ರಭಾಷೆ ಎಂದಿತು, ಆದರೆ ಆಡಳಿತ ಭಾಷೆ ಸ್ಪ್ಯಾನಿಷ್ ಒಂದೇ ಆಗಿ ಉಳಿಯಿತು. 1954ರಿಂದ ದೇಶವನ್ನು ಹಿಡಿದಿಟ್ಟಿದ್ದ ಸರ್ವಾಧಿಕಾರಿ ಆಲ್ಫ್ರೆದೊ ಸ್ಟ್ರೋಸ್ನರ್ 1989ರಲ್ಲಿ ಉರುಳಿದ. 1992ರ ಹೊಸ ಸಂವಿಧಾನದಲ್ಲಿ ಎರಡೂ ಭಾಷೆಗಳು ಅಧಿಕೃತವಾದವು. ಶಾಲೆಯ ಮೊದಲ ಪಾಠ ಮಗುವಿನ ಮನೆಮಾತಿನಲ್ಲಿರಬೇಕು ಎಂಬ ಮಾತೂ ಅದರಲ್ಲಿದೆ.

ನಾವು ಅಂದರೆ ಯಾರ್ಯಾರು?

ಭಾಷೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನಾವು ವರ್ಣಮಾಲೆಯಲ್ಲಿ ಕಲಿತು ಆಮೇಲೆ ಹೆಚ್ಚು ಬರೆಯದ 'ಞ' ಅಕ್ಷರ ಇದೆಯಲ್ಲ, ಗ್ವಾರಾನಿಯಲ್ಲಿ ಆ ಸದ್ದು ಎಲ್ಲೆಲ್ಲೂ ಇದೆ.

'ನಾವು' ಎನ್ನಲು ಅಲ್ಲಿ ಎರಡು ಪದ. ಞಾಂದೆ ಎಂದರೆ ಕೇಳುತ್ತಿರುವ ನೀವೂ ಸೇರಿ ನಾವು. ಓರೆ ಎಂದರೆ ನಿಮ್ಮನ್ನು ಬಿಟ್ಟು ನಾವು. ತುಳು ಬಲ್ಲವರಿಗೆ ಇದು ತಟ್ಟನೆ ಹೊಳೆಯುತ್ತದೆ: 'ನಮ' ಮತ್ತು 'ಎಂಕುಲು'. ದೇವರ ವಿಷಯದಲ್ಲಿ ಈ ಭೇದ ಬಹಳ ಚೆನ್ನಾಗಿ ಕಾಣುತ್ತದೆ. ಜನ ತಮ್ಮತಮ್ಮಲ್ಲಿ ದೇವರ ಬಗ್ಗೆ ಮಾತಾಡುವಾಗ 'ಞಾಂದೆಜಾರಾ' ಎನ್ನುತ್ತಾರೆ, ನಮ್ಮೆಲ್ಲರ ಒಡೆಯ ಎಂದು. ಅದೇ ದೇವರಿಗೇ ಪ್ರಾರ್ಥನೆ ಮಾಡುವಾಗ 'ಓರೆ ರು' ಎಂದು ಶುರುಮಾಡುತ್ತಾರೆ, ನಮ್ಮ ತಂದೆಯೇ ಎಂದು. ಈಗ ಕೇಳುತ್ತಿರುವವನು ದೇವರು. ಅವನು ಆ 'ನಾವು' ಒಳಗೆ ಬರುವುದಿಲ್ಲ.

ದಿನನಿತ್ಯ ಜನರ ಬಾಯಲ್ಲಿ ಇರುವುದು ಜೋಪರಾ, ಅಂದರೆ ಬೆರಕೆ. ಗ್ವಾರಾನಿ, ಸ್ಪ್ಯಾನಿಷ್ ಎರಡೂ ಕಲೆತದ್ದು. ಅವರೆಕಾಳಿನಂಥ ಕಾಳು, ಮುಸುಕಿನ ಜೋಳ ಸೇರಿಸಿ ಬೇಯಿಸುವ ಒಂದು ಅಡುಗೆಗೂ ಜೋಪರಾ ಎಂದೇ ಹೆಸರು. ಸ್ಪ್ಯಾನಿಷ್ ಕ್ರಿಯಾಪದದ ಮೊದಲಿಗೆ ಗ್ವಾರಾನಿಯ ತುಣುಕೊಂದನ್ನು ಅಂಟಿಸಿ, ನಾನು ಓದುತ್ತೇನೆ ಎನ್ನಲು 'ಅಎಸ್ತುದಿಯಾ' ಎನ್ನುತ್ತಾರೆ. ನಾವು 'ಸ್ಟಡಿ ಮಾಡ್ತೀನಿ' ಎನ್ನುವ ಹಾಗೆ. ಎಣಿಕೆ ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲಿ. ನಾವು ಫೋನ್ ನಂಬರ್ ಇಂಗ್ಲಿಷ್‌ನಲ್ಲಿ ಹೇಳುವುದಿಲ್ಲವೇ?

ಸಬ್ಬಕ್ಕಿಯ ನೆಂಟರು

ಪರಾಗ್ವೆಯ ಅಡುಗೆಮನೆ ನಮಗೆ ಅಂದುಕೊಂಡಷ್ಟು ದೂರ ಇಲ್ಲ. ಅಲ್ಲಿ ಬೆಳಗಿನ ತಿಂಡಿಗೆ, ಬಸ್‌ನಲ್ಲಿ ಬುಟ್ಟಿ ಹೊತ್ತು ಮಾರುವವರ ಹತ್ತಿರ, ಎಲ್ಲೆಲ್ಲೂ ಸಿಗುವುದು ಚಿಪಾ. ಮರಗೆಣಸಿನ ಹಿಟ್ಟಿಗೆ ಚೀಸ್, ಮೊಟ್ಟೆ ಸೇರಿಸಿ ಸುಟ್ಟ ರೊಟ್ಟಿ. ನಮ್ಮ ಸಬ್ಬಕ್ಕಿ ಪಾಯಸದ ಸಬ್ಬಕ್ಕಿಯೂ ಮರಗೆಣಸಿನದೇ. ಆ ಗಿಡದ ತವರು ದಕ್ಷಿಣ ಅಮೆರಿಕ. ಅನಾನಸ್, ಕಾಜು ಎಂಬ ಪದಗಳೂ ಅಲ್ಲಿಯವೇ. ಗ್ವಾರಾನಿಯ ಅಕ್ಕತಂಗಿ ಭಾಷೆಯಾದ ತುಪಿಯಿಂದ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದವು.

ಇನ್ನು ತೆರೆರೆ. ಯೆರ್ಬಾ ಮಾಟೆ ಎಂಬ ಮರದ ಒಣಗಿದ ಎಲೆಯನ್ನು ಲೋಟಕ್ಕೆ ತುಂಬಿ, ಮೇಲೆ ತಣ್ಣೀರು ಸುರಿದು, ಲೋಹದ ಕೊಳವೆಯಿಂದ ಹೀರುತ್ತಾರೆ. ಲೋಟವನ್ನು ಬಹಳ ಸಲ ದನದ ಕೊಂಬಿನಿಂದ ಮಾಡಿರುತ್ತಾರೆ. ನೀರಿಗೆ ಜಜ್ಜಿದ ಗಿಡಮೂಲಿಕೆ ಹಾಕುತ್ತಾರೆ. ಹೊಟ್ಟೆನೋವಿಗೆ ಒಂದು, ಉಷ್ಣಕ್ಕೆ ಒಂದು. ಜನ ಸುತ್ತ ಕೂರುತ್ತಾರೆ, ಒಬ್ಬರು ಸುರಿದು ಕೊಡುತ್ತಾರೆ, ಒಂದೇ ಲೋಟ, ಒಂದೇ ಕೊಳವೆ ಸುತ್ತು ಬರುತ್ತದೆ. 'ಥ್ಯಾಂಕ್ಸ್' ಎಂದರೆ ಸಾಕು ಎಂದರ್ಥ. ಆಮೇಲೆ ನಿಮಗೆ ಕೊಡುವುದಿಲ್ಲ. ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂರುವ ಮಲೆನಾಡಿನ ಮಧ್ಯಾಹ್ನಗಳು ನನಗೆ ನೆನಪಾಗುತ್ತವೆ. 2020ರಲ್ಲಿ ಯುನೆಸ್ಕೊ ತೆರೆರೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಸುನ್ಸಿಯೋನ್ ಹತ್ತಿರದ ಇತೌಗ್ವಾ ಊರಿನ ಹೆಂಗಸರು ಹೆಣೆಯುವ ಞಾಂದುತಿ ಎಂಬ ಕಸೂತಿ ಇದೆ. ಪದದ ಅರ್ಥ ಜೇಡರ ಬಲೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಚಕ್ರದಂತೆ ದಾರ ಎಳೆದು ಹೆಣೆದು, ಕೊನೆಗೆ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ. ದಾರದ ಬಲೆ ಮಾತ್ರ ಉಳಿಯುತ್ತದೆ. ಮೂಲ ಸ್ಪೇನ್ ದ್ವೀಪಗಳ ಕಲೆ, ಹೆಸರು ಮತ್ತು ಚಿತ್ತಾರ ಈ ನೆಲದ್ದು. ಹಾರ್ಪ್ ಎಂಬ ತಂತಿವಾದ್ಯವೂ ಹಾಗೆಯೇ ಯುರೋಪಿನಿಂದ ಬಂದು ಇಲ್ಲಿಯದಾಯಿತು. 1925ರಲ್ಲಿ ಹೋಸೆ ಅಸುನ್ಸಿಯೋನ್ ಫ್ಲೋರೆಸ್ ಎಂಬ ಸಂಗೀತಗಾರ ಪರಾಗ್ವೆಯ ಚುರುಕಾದ ಪೋಲ್ಕಾ ಲಯವನ್ನು ನಿಧಾನಿಸಿ ಗ್ವಾರಾನಿಯಾ ಎಂಬ ಹೊಸ ಗಾನಶೈಲಿ ಹುಟ್ಟುಹಾಕಿದರು. ಅವರು ಸತ್ತದ್ದು 1972ರಲ್ಲಿ, ದೇಶದ ಹೊರಗೆ, ಬ್ಯುನಸ್ ಐರಿಸ್‌ನಲ್ಲಿ. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಸಭೆ ಅಸುನ್ಸಿಯೋನ್‌ನಲ್ಲೇ ನಡೆದು, ಗ್ವಾರಾನಿಯಾ ಕೂಡ ತೆರೆರೆ ಇರುವ ಪಟ್ಟಿಗೆ ಸೇರಿತು.

ಭಾಷೆ ಎಲ್ಲರದು, ನೆಲ ಯಾರದು?

ಈ ಕಥೆಯಲ್ಲಿ ನೋವಿನ ಗಂಟು ಒಂದಿದೆ. ಗ್ವಾರಾನಿ ಭಾಷೆ ದೇಶದ ಹೆಮ್ಮೆ ಆಯಿತು. ಆ ಭಾಷೆ ಕೊಟ್ಟವರ ಸೋದರರು ಬಡತನದಲ್ಲೇ ಉಳಿದರು.

2022ರ ಗಣತಿಯಂತೆ ಮೂಲನಿವಾಸಿಗಳು ಸುಮಾರು 1 ಲಕ್ಷ 40 ಸಾವಿರ. ಅವರಲ್ಲಿ 19 ಜನಾಂಗಗಳು, ಐದು ಭಾಷಾ ಕುಟುಂಬಗಳು. ಎಲ್ಲರೂ ಗ್ವಾರಾನಿ ಕುಟುಂಬದವರಲ್ಲ. ಚಾಕೊದ ಅಯೊರೆಯೊ ಜನರಲ್ಲಿ ಕೆಲವು ಗುಂಪುಗಳು ಇಂದಿಗೂ ಹೊರಗಿನವರ ಸಂಪರ್ಕ ಬೇಡವೆಂದು ಕಾಡಿನಲ್ಲೇ ಇವೆ. ಜಾನುವಾರು ಸಾಕಲು ಆ ಕಾಡನ್ನು ಕಡಿಯುತ್ತಿದ್ದಾರೆ.

ತಮ್ಮ ಹಿರಿಯರ ನೆಲ ಖಾಸಗಿ ಒಡೆಯರ ಪಾಲಾಗಿ, ರಸ್ತೆ ಬದಿಯಲ್ಲಿ ಗುಡಿಸಲು ಹಾಕಿಕೊಂಡ ಸಮುದಾಯಗಳಿವೆ. ಅಂಥವುಗಳಲ್ಲಿ ಮೂರು, ಅಂದರೆ ಯಾಕ್ಯೆ ಆಶಾ, ಸಾವೋಯಾಮಾಷಾ, ಶಾಕ್ಮೊಕ್ ಕಾಸೆಕ್, ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋದವು. 2005, 2006 ಮತ್ತು 2010ರಲ್ಲಿ ಮೂರೂ ತೀರ್ಪುಗಳು ಪರಾಗ್ವೆ ಸರ್ಕಾರದ ವಿರುದ್ಧ ಬಂದವು. ತೀರ್ಪು ಬಂದ ಮೇಲೂ ನೆಲ ಕೈಗೆ ಸಿಗಲು ಅವರು ವರ್ಷಗಟ್ಟಲೆ ಕಾಯಬೇಕಾಯಿತು.

ಹೊರಗಿನಿಂದ ಬಂದವರೂ ಈಗ ಪರಾಗ್ವೆಯ ಜನರೇ. 1820ರಲ್ಲಿ ಉರುಗ್ವೆಯ ನಾಯಕ ಆರ್ತಿಗಾಸ್ ಜೊತೆ ಬಂದ ಕಪ್ಪು ಸೈನಿಕರ ವಂಶದವರು ಕಂಬಾ ಕುವಾ ಎಂಬಲ್ಲಿ ತಮ್ಮ ಡೋಲು ಉಳಿಸಿಕೊಂಡಿದ್ದಾರೆ. 1920ರ ದಶಕದ ಕೊನೆಯಿಂದ ಕೆನಡಾ, ರಷ್ಯಾಗಳಿಂದ ಬಂದ ಮೆನ್ನೊನೈಟ್ ಕ್ರೈಸ್ತರು ಚಾಕೊದಲ್ಲಿ ಹಾಲಿನ ಡೈರಿಗಳನ್ನು ಕಟ್ಟಿದ್ದಾರೆ. 1936ರಲ್ಲಿ ಜಪಾನಿನವರು ಲಾ ಕೋಲ್ಮೆನಾ ಊರು ಕಟ್ಟಿದರು.

ಹೊಸ ಕಾಲಕ್ಕೆ ಹೊಸ ಪದ

ಪೇಟೆಯ ಮಕ್ಕಳಲ್ಲಿ ಈಗ ಸ್ಪ್ಯಾನಿಷ್ ಹೆಚ್ಚುತ್ತಿದೆ. ಶಾಲೆಯ ಪುಸ್ತಕದ ಗ್ವಾರಾನಿ ಮನೆಯ ಜೋಪರಾದಂತಿಲ್ಲ, ಕಷ್ಟ ಎಂದು ಮಕ್ಕಳು ದೂರುತ್ತಾರೆ. ಆದರೂ ಭಾಷೆ ಹೊಸ ಪದ ಹುಟ್ಟಿಸುವುದನ್ನು ನಿಲ್ಲಿಸಿಲ್ಲ. ಫೋನಿಗೆ ಅವರು 'ಪುಂಬೀರಿ' ಎನ್ನುತ್ತಾರೆ: ಪು ಎಂದರೆ ಸದ್ದು, ಅದಕ್ಕೆ ದೂರ ಎಂಬ ಅರ್ಥದ ಮಾತು ಸೇರಿದೆ. ನಮ್ಮ ದೂರವಾಣಿಯದೇ ಜೋಡಣೆ. ಫೈರ್‌ಫಾಕ್ಸ್ ಬ್ರೌಸರ್ ಗ್ವಾರಾನಿಯಲ್ಲಿ ಬಂದಾಗ ಅದಕ್ಕೆ 'ಅಗ್ವಾರಾತಾತಾ' ಎಂದು ಹೆಸರಿಟ್ಟರು. ಅಗ್ವಾರಾ ಅಂದರೆ ನರಿ, ತಾತಾ ಅಂದರೆ ಬೆಂಕಿ. ವೆಬ್‌ಸೈಟ್‌ಗೆ ಇತೌಗ್ವಾದ ಹೆಂಗಸರ ಕಸೂತಿಯ ಹೆಸರನ್ನೇ ತಂದರು: 'ಞಾಂದುತಿ ರೆಂದಾ', ಬಲೆಯ ಜಾಗ. ನಾವು ಅದನ್ನು ಜಾಲತಾಣ ಎನ್ನುತ್ತೇವೆ.